ಕರೆದರೆ ಕೇಳುವ ಊರು

ನಮ್ಮ ಊರಿನಲ್ಲಿ ಯಾರೂ ಜೋರಾಗಿ ಕೂಗುವುದಿಲ್ಲ. ಕೂಗುವ ಅಗತ್ಯವೇ ಬಿದ್ದಿಲ್ಲ. ಒಬ್ಬರನ್ನು ನೆನೆದುಕೊಂಡು ಅವರ ಹೆಸರನ್ನು ತುಟಿಯಲ್ಲೇ ಅಂದರೂ ಸಾಕು, ಅವರು ಊರಿನ ಯಾವ ಮೂಲೆಯಲ್ಲಿದ್ದರೂ ಅವರಿಗೆ ಅದು ಕೇಳುತ್ತದೆ. ಹೆಸರಾಗಲಿ, ಅವ್ವ, ಅಕ್ಕ ಎನ್ನುವ ಸಂಬಂಧವಾಗಲಿ, ಅಷ್ಟು ಮಾತ್ರ, ಕರೆದವರ ದನಿಯಲ್ಲೇ. ಉಳಿದ ಮಾತೆಲ್ಲ ಎದುರು ಸಿಕ್ಕಾಗ. ಕೇಳಿಸಿಕೊಂಡವರು ತಿರುಗಿ ಕರೆದವರ ಹೆಸರು ಹೇಳಬೇಕು. ಅದಕ್ಕೆ ಓಗೊಡುವುದು ಎನ್ನುತ್ತೇವೆ. ಕೆರೆಯ ಏರಿ ದಾಟಿದರೆ ಏನೂ ಕೇಳುವುದಿಲ್ಲ. ಹೊರಗಿನಿಂದ ಬಂದವರಿಗೆ ಊರೊಳಗಿದ್ದರೂ ಕೇಳುವುದಿಲ್ಲ. ಆದ್ದರಿಂದ ಬ್ಯಾಂಕಿನ ಮ್ಯಾನೇಜರು, ಪೋಸ್ಟ್ ಮಾಸ್ತರು ಮುಂತಾದವರು ನಮ್ಮನ್ನು ಮೂಕರ ಊರಿನವರೆಂದುಕೊಂಡು ವರ್ಗಾವಣೆ ಸಿಕ್ಕಿದ ಕೂಡಲೇ ಹೊರಟುಹೋಗುತ್ತಾರೆ.

ಇದರಿಂದ ಅನುಕೂಲವೂ ಇತ್ತು, ತಾಪತ್ರಯವೂ ಇತ್ತು. ಒಲೆ ಮುಂದೆ ಕೂತೇ ತಾಯಂದಿರು ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದರು. ಹೋಟೆಲಿನಲ್ಲಿ ಕೂತು ಯಾರ ಬಗ್ಗೆಯಾದರೂ ಆಡಿಕೊಳ್ಳಬೇಕೆಂದರೆ ಹೆಸರೆತ್ತುವಂತಿರಲಿಲ್ಲ, "ಆ ಮಹಡಿ ಮನೆಯಾತ", "ಆ ಕುಂಕುಮದಂಗಡಿಯವಳು" ಎಂದು ಸುತ್ತಿ ಬಳಸಿ ಹೇಳಬೇಕಿತ್ತು. ಗಂಡಹೆಂಡತಿ ಜಗಳವಾದರೆ ಕೆಲವು ಹೆಂಗಸರು ಗಂಡನ ಹೆಸರನ್ನು ಬೆಳಿಗ್ಗೆಯಿಂದ ಜಪಿಸಿ ಅವನು ಅಂಗಡಿಯಲ್ಲಿ ನಿಲ್ಲದಂತೆ ಮಾಡುತ್ತಿದ್ದರು. ಕರೆ ಬಂದಾಗ ಎದುರಿಗಿದ್ದವರ ಮುಖ ಒಂದು ಗಳಿಗೆ ಬೇರೆ ಕಡೆ ಹೋಗಿ ಬರುತ್ತಿತ್ತು. ಅದನ್ನು ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ನನ್ನ ಹೆಸರು ಅಂಬುಜ. ನಾನೂ ನಮ್ಮವ್ವ ಚೆನ್ನಾಜಮ್ಮನೂ ಮೊಸರು ಮಾರಿ ಬದುಕುವವರು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋದ. ಅವ್ವ ಹಾಲು ಕಾಯಿಸುತ್ತಾಳೆ, ನಾನು ಉಗುರುಬೆಚ್ಚಗಾದಾಗ ಹೆಪ್ಪು ಹಾಕಿ ಕುಡಿಕೆಗಳಿಗೆ ತುಂಬುತ್ತೇನೆ. ಹುಟ್ಟಿದಾಗಿನಿಂದ ನನಗೆ ಕಟ್ಟುನೋವು ಇತ್ತು. ನಮ್ಮ ಊರಿನ ಕೆಲವು ಮನೆಗಳಲ್ಲಿ ಇರುವ ಕಾಯಿಲೆ ಅದು. ತಾಯಿ ತಂದೆ ಇಬ್ಬರ ಕಡೆಯಿಂದಲೂ ಬಂದವರಿಗೆ ಮಾತ್ರ ಕಾಡುತ್ತದೆ. ಚಳಿಗೆ, ನೀರು ಕುಡಿಯುವುದು ಮರೆತರೆ, ಸುಮ್ಮನೆ ಓಡಿದರೂ ರಕ್ತ ಅಲ್ಲಲ್ಲಿ ಕಟ್ಟಿಕೊಂಡು ಮೂಳೆಯೊಳಗಿಂದ ನೋವು ಏಳುತ್ತದೆ. ಆಗ ಕೂರಲೂ ಆಗುವುದಿಲ್ಲ, ಮಲಗಲೂ ಆಗುವುದಿಲ್ಲ. ಕಟ್ಟುನೋವಿನವರು ತಲೆ ನರೆಯುವವರೆಗೆ ಬದುಕಿದ್ದನ್ನು ಯಾರೂ ಕಂಡಿಲ್ಲ.

ಮುಕುಂದನಿಗೂ ಅದೇ ಇತ್ತು. ಬಸ್‌ಸ್ಟ್ಯಾಂಡಿನ ಪಕ್ಕ ಮಿಕ್ಸಿ, ಫ್ಯಾನು, ರೇಡಿಯೋ ರಿಪೇರಿ ಮಾಡುವ ಅಂಗಡಿ ಅವನದು. ಶಾಲೆಯಲ್ಲಿ ಉಳಿದವರೆಲ್ಲ ಮೈದಾನದಲ್ಲಿ ಆಡುವಾಗ ನಾವಿಬ್ಬರು ಜಗುಲಿಯ ಮೇಲೆ ಸ್ವೆಟರು ಹಾಕಿಕೊಂಡು ನೀರು ಕುಡಿಯುತ್ತ ಕೂತಿರುತ್ತಿದ್ದೆವು. ಅಲ್ಲಿಂದ ಶುರುವಾದದ್ದು. ಅವನಿಗೆ ನೋವು ಬಂದರೆ ನನ್ನನ್ನು ಕರೆಯುತ್ತಿದ್ದ. ನಾನು ಓಗೊಡುತ್ತಿದ್ದೆ. ಮತ್ತೆ ಕರೆಯುತ್ತಿದ್ದ. ಮತ್ತೆ ಓಗೊಡುತ್ತಿದ್ದೆ. ನೋವು ಇಳಿಯುವವರೆಗೆ ಅಂಬುಜ, ಮುಕುಂದ, ಅಂಬುಜ, ಮುಕುಂದ. ನನಗೆ ಬಂದಾಗ ಅವನು ಹಾಗೇ ಮಾಡುತ್ತಿದ್ದ. ಅದರಿಂದ ನೋವು ಕಡಿಮೆಯಾಗುತ್ತಿತ್ತೆಂದಲ್ಲ. ಆದರೆ ನೋವಿನ ಜೊತೆ ಒಬ್ಬಳೇ ಇರಬೇಕಾಗುತ್ತಿರಲಿಲ್ಲ.

ಕಟ್ಟುನೋವಿನ ಇಬ್ಬರು ಮದುವೆಯಾಗಕೂಡದೆಂದು ಊರಿನ ಕಟ್ಟಳೆ. ಅವರಿಗೆ ಹುಟ್ಟುವ ಮಕ್ಕಳೆಲ್ಲರಿಗೂ ನೋವು ತಪ್ಪಿದ್ದಲ್ಲ. ಒಮ್ಮೆ ಮುಕುಂದ ಸ್ಕ್ರೂ ಬಿಚ್ಚುತ್ತ, ತಲೆಯೆತ್ತದೆ, "ನಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಇದು ಇಲ್ದೇ ಇದ್ದಿದ್ರೆ" ಎಂದಿದ್ದ. ನಾನು "ಇಲ್ದೇ ಇದ್ದಿದ್ರೆ ನೀನು ಮೈದಾನದಲ್ಲಿ ಆಡ್ತಿದ್ದೆ, ನನ್ನನ್ನ ನೋಡ್ತಾನೇ ಇರ್ಲಿಲ್ಲ" ಎಂದೆ. ಇಬ್ಬರೂ ನಕ್ಕೆವು. ಆ ವಿಷಯ ಮತ್ತೆ ತೆಗೆಯಲಿಲ್ಲ.

ಡಾಕ್ಟರ್ ಲೀಲಾ ಪಿಂಟೋ ದೂರದ ದೊಡ್ಡ ಆಸ್ಪತ್ರೆಯವರು. ವಾರಕ್ಕೊಮ್ಮೆ ನಮ್ಮ ಊರಿಗೆ ಬಂದು ರಕ್ತ ಪರೀಕ್ಷೆ ಮಾಡುತ್ತಿದ್ದರು. ದಪ್ಪ ಕನ್ನಡಕ, ಗಟ್ಟಿ ದನಿ. ಮಧ್ಯಾಹ್ನ ನಮ್ಮ ಮನೆಗೆ ಬಂದು ಅನ್ನಕ್ಕೆ ಮೊಸರು ಕಲಸಿಕೊಂಡು ಊಟ ಮಾಡಿ ಹೋಗುವುದು ಅವರಿಗೆ ರೂಢಿಯಾಗಿತ್ತು. ಒಂದು ದಿನ ಬಂದಾಗ ಅವರಿಗೆ ಕೊಡಲು ಮೊಸರು ಇರಲಿಲ್ಲ.

"ಹೆಪ್ಪು ಕೆಟ್ಟೋಗಿದೆ ಡಾಕ್ಟ್ರೇ" ಎಂದೆ. "ನೆನ್ನೆ ಹಾಲು ಹಾಲಾಗೇ ಉಳೀತು. ಹೀಗೆ ಆಗ್ತಿರುತ್ತೆ. ಒಂದು ಮನೇಲಿ ಶುರುವಾದ್ರೆ ಎಲ್ಲ ಮನೇಲೂ. ಯಾರ ಮನೇದು ಉಳ್ಕೊಂಡಿರುತ್ತೋ ಅವರ ಹತ್ರ ಕೇಳಿ ತರಬೇಕು. ಹಾಗೆ ಉಳ್ಕೊಂಡಿದ್ದು ಮತ್ತೆ ಬೇಗ ಕೆಡಲ್ಲ."

ಡಾಕ್ಟರು ಖಾಲಿ ಕುಡಿಕೆಯನ್ನು ಎತ್ತಿ ಮೂಸಿ ನೋಡಿದರು. "ಯಾಕೆ ಕೆಡಲ್ಲ ಅಂತ ಹೇಳ್ಲಾ? ಮೊಸರು ಮಾಡೋ ಬ್ಯಾಕ್ಟೀರಿಯಾಗೂ ಕಾಯಿಲೆ ಬರುತ್ತೆ. ಅದಕ್ಕೂ ವೈರಸ್ಸಿದೆ. ವೈರಸ್ ಬಂದ್ರೆ ಹೆಚ್ಚಿನವು ಸತ್ತೋಗ್ತವೆ. ಎಲ್ಲೋ ಒಂದೆರಡು ಉಳ್ಕೊಳ್ತವೆ. ಉಳ್ಕೊಂಡಿದ್ದು ಏನ್ಮಾಡುತ್ತೆ ಗೊತ್ತಾ? ಆ ವೈರಸ್ಸಿನ ಒಂದು ಚೂರನ್ನ ಕತ್ತರಿಸಿ ತನ್ನ ಜೀನುಗಳ ಮಧ್ಯೆ ಸೇರಿಸಿ ಇಟ್ಕೊಳ್ಳುತ್ತೆ. ಕಳ್ಳನ ಗುರುತು ಇಟ್ಕೊಂಡ ಹಾಗೆ. ಅದರ ಮರಿಗಳಿಗೂ ಆ ಗುರುತು ಹೋಗುತ್ತೆ. ಮುಂದಿನ ಸಲ ಅದೇ ವೈರಸ್ ಬಂದ್ರೆ ಗುರುತು ಹಿಡಿದು, ಅದರ ಹತ್ರ ಒಂದು ಕತ್ತರಿ ಇದೆ, ಅದರಲ್ಲಿ ಕಚಕ್ ಅಂತ."

"ಇಷ್ಟು ಚಿಕ್ಕದಕ್ಕೆ ಅಷ್ಟೊಂದು ನೆನಪಾ?" ಎಂದಳು ಅವ್ವ.

"ನೋಡಿ ಮತ್ತೆ! ಎಷ್ಟೋ ವರ್ಷ ಯಾರಿಗೂ ಇದು ಗೊತ್ತಿರಲಿಲ್ಲ. ಬ್ಯಾಕ್ಟೀರಿಯಾದೊಳಗೆ ಒಂದೇ ಸಾಲು ಮತ್ತೆ ಮತ್ತೆ ಬರೆದ ಹಾಗಿದೆ ಅಂತ ಜಪಾನಿನಲ್ಲಿ ಕಂಡ್ರು, ಏನಂತ ಅರ್ಥ ಆಗ್ಲಿಲ್ಲ. ಆಮೇಲೆ ಸ್ಪೇನಿನ ಉಪ್ಪುನೀರಿನಲ್ಲಿರೋ ಸೂಕ್ಷ್ಮಜೀವಿಗಳಲ್ಲೂ ಅದೇ ಕಾಣಿಸ್ತು. ಆ ಸಾಲುಗಳ ಮಧ್ಯೆ ಇರೋ ಚೂರುಗಳು ವೈರಸ್ಸಿನವು ಅಂತ ತಿಳಿಯೋಕೆ ಇನ್ನೂ ಹತ್ತು ವರ್ಷದ ಮೇಲಾಯ್ತು. ಅದು ನಿಜ ಅಂತ ಪರೀಕ್ಷೆ ಮಾಡಿ ತೋರಿಸಿದವರು ಮೊಸರಿನ ಹೆಪ್ಪು ತಯಾರಿಸೋ ಕಂಪನಿಯವರು. ನಿಮ್ಮ ಹಾಗೆ ಅವರಿಗೂ ಹೆಪ್ಪು ಕೆಡೋದೇ ತಲೆನೋವಾಗಿತ್ತು. ಆಮೇಲೆ ಇಬ್ಬರು ಹೆಂಗಸರು ತೋರಿಸಿಕೊಟ್ಟರು, ಆ ಕತ್ತರಿಗೆ ವೈರಸ್ಸಿಂದೇ ಗುರುತು ಕೊಡಬೇಕು ಅಂತಿಲ್ಲ. ನಾವು ಯಾವ ಗುರುತು ಬರೆದುಕೊಟ್ಟರೂ ಆ ಜಾಗ ಹುಡುಕಿ ಕತ್ತರಿಸುತ್ತೆ ಅಂತ."

ಅವರು ಕುಡಿಕೆ ಕೆಳಗಿಟ್ಟು ನನ್ನ ಕಡೆ ನೋಡಿದರು. "ನಿನ್ನ ರಕ್ತದಲ್ಲೂ ಅಂಥ ಒಂದು ಜಾಗ ಇದೆ, ಅಂಬುಜ. ಅದನ್ನ ಕತ್ತರಿಸಿದ್ರೆ ಕಟ್ಟುನೋವು ಇರಲ್ಲ. ನಮ್ಮ ಆಸ್ಪತ್ರೇಲಿ ಈಗ ಮಾಡಬಹುದು."

"ಮೊಸರಿನ ಕತ್ತರೀಲಿ?"

"ಮೊಸರಿನ ಬ್ಯಾಕ್ಟೀರಿಯಾದ ದಾಯಾದಿ ಒಂದಿದೆ, ಗಂಟಲು ನೋವು ತರೋದು. ಅದರದ್ದು."

ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು. "ಬೇರೆ ಏನೂ ಕತ್ತರಿಸಲ್ಲ ತಾನೇ?" ಎಂದು ಕೇಳಿದಳು. "ಅದೊಂದೇ ಜಾಗ" ಎಂದರು ಡಾಕ್ಟರು. ಅದು ನಿಜವೇ ಆಗಿತ್ತು.

ಮುಕುಂದನಿಗೂ ನನಗೂ ಇಬ್ಬರಿಗೂ ಮಾಡುವುದೆಂದಾಯಿತು. ಒಬ್ಬರಾದ ಮೇಲೆ ಒಬ್ಬರು. ನಾನು ಮೊದಲು ಹೋಗಲೆಂದು ಅವನೇ ಹಟ ಹಿಡಿದ. "ನಿಂಗೆ ನೋವಿಲ್ದೇ ಇರೋದನ್ನ ಮೊದಲು ನೋಡ್ಬೇಕು" ಎಂದ. ಹೊರಡುವ ದಿನ ಬಸ್ಸು ಏರಿ ಹತ್ತುವವರೆಗೂ ಕರೆಯುತ್ತಿದ್ದ. ಏರಿ ಇಳಿದ ಕೂಡಲೇ ಅವನ ದನಿ ನಿಂತಿತು. ಅದು ಎಲ್ಲರಿಗೂ ಹಾಗೇ ಆಗುವುದು, ನಾನು ತಲೆಕೆಡಿಸಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ನನ್ನ ರಕ್ತದ ಮೂಲಕೋಶಗಳನ್ನು ತೆಗೆದು ಎಲ್ಲಿಗೋ ಕಳಿಸಿದರು. ಅವುಗಳನ್ನು ಕತ್ತರಿಸಿ ಸರಿಮಾಡಿ ತರುವುದಕ್ಕೆ ತಿಂಗಳುಗಳು ಹಿಡಿದವು. ಅವು ಬಂದ ಮೇಲೆ ನನ್ನ ಮೈಯಲ್ಲಿ ಉಳಿದಿದ್ದ ಹಳೆಯ ಕೋಶಗಳನ್ನು ಔಷಧ ಕೊಟ್ಟು ಸಾಯಿಸಿದರು. ಕೂದಲು ಉದುರಿತು. ಬಾಯಿಯ ತುಂಬ ಹುಣ್ಣಾಗಿ ಗಂಜಿ ಕೂಡ ಇಳಿಯಲಿಲ್ಲ. ಒಂದು ದಿನ ಚಿಕ್ಕ ಚೀಲದಲ್ಲಿ ನನ್ನವೇ ಕೋಶಗಳನ್ನು ತಂದು ನರಕ್ಕೆ ಹರಿಸಿದರು. ಕೋಣೆಯೆಲ್ಲ ಬೆಳ್ಳುಳ್ಳಿಯಂಥ ವಾಸನೆ ಬಂತು. ಅವು ಬೇರೂರುವವರೆಗೆ ಒಂದು ಸಣ್ಣ ಸೋಂಕು ತಗುಲಿದರೂ ಜೀವಕ್ಕೆ ಅಪಾಯವೆಂದು ನನ್ನನ್ನು ಗಾಜಿನ ಕೋಣೆಯಲ್ಲಿ ಒಬ್ಬಳನ್ನೇ ಇಟ್ಟರು. ಅವ್ವ ಗಾಜಿನಾಚೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು. ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಊರಿಗೆ ಹೋದ ಮೇಲೆ ಎಲ್ಲ ಸೇರಿಸಿ ಕೇಳಿಸಿಕೊಳ್ಳಬಹುದು ಎಂದುಕೊಳ್ಳುತ್ತಿದ್ದೆ.

ವಾಪಸು ಬರುವ ದಿನ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಏರಿ ಹತ್ತುತ್ತಿದ್ದಂತೆ ಅವಳ ಮುಖ ಅರಳಿತು. ತುಟಿ ಅಲ್ಲಾಡತೊಡಗಿತು. ಒಬ್ಬೊಬ್ಬರಿಗೂ ಓಗೊಡುತ್ತಿದ್ದಳು. ಪಕ್ಕದ ಮನೆಯವರು, ಅವಳ ತಂಗಿ, ಹಾಲಿನವನು. ಬಸ್ಸಿನಲ್ಲಿದ್ದ ನಮ್ಮೂರಿನವರ ಮುಖಗಳೆಲ್ಲ ಒಂದೊಂದಾಗಿ ಹಾಗೇ ಅರಳಿ, ಬೇರೆ ಕಡೆ ಹೋಗಿ, ಮರಳಿ ಬರುತ್ತಿದ್ದವು. ನಾನು ಕಾದೆ. ಬಸ್ಸು ಏರಿ ಇಳಿಯಿತು. ಮೊದಲ ಮನೆಗಳು ಬಂದವು. ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಯಾರೂ ನಿನ್ನ ಕರೀತಿಲ್ವಾ?" ಎಂದು ಅವ್ವ ಬೆರಗಿನಿಂದ ಕೇಳಿದಳು. ಆಮೇಲೆ ತಾನೇ ಕರೆದಿರಬೇಕು. ನನ್ನನ್ನೇ ನೋಡುತ್ತ ತುಟಿ ಅಲ್ಲಾಡಿಸಿದಳು. ನನಗೆ ಏನೂ ಕೇಳಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಮುಕುಂದ ಅಂಗಡಿಯ ಮುಂದೆ ನಿಂತಿದ್ದ. ಬಿಳಿ ಅಂಗಿ ಹಾಕಿಕೊಂಡಿದ್ದ. ನಾನು ಬಸ್ಸಿನಿಂದಿಳಿಯುತ್ತ ತುಟಿಯಲ್ಲೇ ಅವನ ಹೆಸರು ಹೇಳಿದೆ. ಅವನಿಗೆ ಕೇಳಿತು. ನಕ್ಕು ಓಗೊಟ್ಟದ್ದು ಅವನ ತುಟಿಯಲ್ಲಿ ಕಂಡಿತು. ಮತ್ತೆ ಕರೆದ. ಆಮೇಲೆ ನಗು ನಿಧಾನವಾಗಿ ಇಳಿಯಿತು. ಮುಂದೆ ಬಂದು, ತೀರ ಹತ್ತಿರ ನಿಂತು, ಹೊರಗಿನವರು ಕರೆಯುವ ಹಾಗೆ ಬಾಯಿ ಬಿಟ್ಟು "ಅಂಬುಜ" ಎಂದ. ಅಷ್ಟು ವರ್ಷದಲ್ಲಿ ನನ್ನ ಕಿವಿಯ ಮೇಲೆ ಅವನ ದನಿ ಬಿದ್ದು ನನ್ನ ಹೆಸರು ಕೇಳಿದ್ದು ಅದೇ ಮೊದಲು. ಒಡಕು ದನಿ. ಕರೆಯಲ್ಲಿ ನಾನು ಬಲ್ಲ ದನಿಯಂತಿರಲಿಲ್ಲ.

ಡಾಕ್ಟರ್ ಪಿಂಟೋ ಎಲ್ಲ ಪರೀಕ್ಷೆ ಮಾಡಿದರು. ನನ್ನ ರಕ್ತ ಚೆನ್ನಾಗಿತ್ತು, ಕಿವಿ ಚೆನ್ನಾಗಿತ್ತು. ಕರೆಯ ವಿಷಯ ಅವರು ಮೊದಲೂ ಕೇಳಿದ್ದರು. ಊರಿನವರ ನಂಬಿಕೆ ಎಂದುಕೊಂಡಿದ್ದರು. ಈಗ ನಮ್ಮ ಮನೆಯ ಜಗುಲಿಯ ಮೇಲೆ ಕನ್ನಡಕ ತೆಗೆದಿಟ್ಟುಕೊಂಡು ಕೂತರು. "ಕತ್ತರಿಸಿದ್ದು ಅದೊಂದೇ ಜಾಗ, ಅಂಬುಜ. ಅದು ಇನ್ನೂ ಏನೇನು ಮಾಡ್ತಿತ್ತು ಅಂತ ನಮಗೆ ಗೊತ್ತಿರಲಿಲ್ಲ" ಎಂದರು. "ವಾಪಸ್ ಸೇರಿಸೋಕೆ ಆಗುತ್ತಾ?" ಎಂದು ಅವ್ವ ಕೇಳಿದಳು. ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ನಾನು ಅವರ ಮೇಲೆ ಸಿಟ್ಟಾಗಲಿಲ್ಲ. ಆ ಚಳಿಗಾಲದಲ್ಲಿ ಬರಿಗಾಲಲ್ಲಿ ಕೆರೆಯ ನೀರಿಗಿಳಿದು ಮಂಡಿಯವರೆಗೆ ನಿಂತಿದ್ದೆ. ಏನೂ ಆಗಿರಲಿಲ್ಲ. ಅದನ್ನು ಕೊಟ್ಟವರೂ ಅವರೇ.

ಕಿವುಡಿಯಾಗಿದ್ದರೆ ಇದಕ್ಕಿಂತ ಸುಲಭವಿತ್ತೋ ಏನೋ. ನನಗೆ ಕಾಗೆಯ ಕೂಗು, ಸೈಕಲ್ ಬೆಲ್ಲು, ಹಾಲು ಉಕ್ಕುವ ಸದ್ದು ಎಲ್ಲ ಕೇಳುತ್ತಿತ್ತು. ನನ್ನ ಹೆಸರು ಮಾತ್ರ ಕೇಳುತ್ತಿರಲಿಲ್ಲ. ಕೂಗಿ ಕರೆಯಬಹುದಿತ್ತು. ಆದರೆ ನಮ್ಮ ಜನರ ಗಂಟಲಿಗೆ ಆ ರೂಢಿಯಿಲ್ಲ. ಅವ್ವ ಅಡಿಗೆಮನೆಯಿಂದ ಕೂಗಲು ನೋಡಿದಳು. ಕೆಮ್ಮು ಬಂತು. ನನ್ನನ್ನು ಕರೆಯಬೇಕೆಂದರೆ ಮಂಡಿನೋವಿನ ಕಾಲನ್ನು ಎಳೆದುಕೊಂಡು ಹಿತ್ತಿಲವರೆಗೆ ಬರಬೇಕಿತ್ತು. ಬಂದು ಎದುರು ನಿಂತ ಮೇಲೂ ಮೊದಲು ತುಟಿಯೇ ಅಲ್ಲಾಡುತ್ತಿತ್ತು, ಆಮೇಲೆ ನೆನಪಾಗಿ ಮಾತಾಡುತ್ತಿದ್ದಳು.

ನೆರೆಯವರು ಕೆಟ್ಟವರಲ್ಲ. ಮೊದಮೊದಲು ಮನೆಗೆ ಬಂದು ಮಾತಾಡಿಸಿದರು. ಆದರೆ ಹೆಂಗಸರು ನೀರಿಗೆ ಹೋಗುವಾಗ ಒಬ್ಬಳು ಇನ್ನೊಬ್ಬಳನ್ನು ಕರೆದು, ಅವಳು ಮತ್ತೊಬ್ಬಳನ್ನು ಕರೆದು, ಎಲ್ಲರೂ ಒಟ್ಟಿಗೆ ಬಾಗಿಲಿಂದ ಹೊರಬರುತ್ತಿದ್ದರು. ನನ್ನನ್ನೂ ಕರೆಯಬೇಕಾದರೆ ಯಾರಾದರೊಬ್ಬರು ನಮ್ಮ ಮನೆಗೆ ತಿರುಗಬೇಕಿತ್ತು. ಕೆಲವು ದಿನ ತಿರುಗಿದರು. ಆಮೇಲೆ ಮರೆತರು. ಒಂದು ಸಂಜೆ ಸಾಲುಮನೆಗಳ ಹೆಂಗಸರು ಜಗುಲಿಯ ಮೇಲೆ ಕೂತು ನನ್ನ ಬಗ್ಗೆ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡೆ. ಅಂಬುಜ ಎಂದು ಹೆಸರು ಹಿಡಿದೇ ಮಾತಾಡುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು. ಕೆಟ್ಟದ್ದೇನನ್ನೂ ಆಡಿರಲಿಲ್ಲ. ಆದರೆ ನಮ್ಮ ಊರಿನಲ್ಲಿ ಹೆಸರು ಹಿಡಿದು ಹಾಗೆ ಧಾರಾಳವಾಗಿ ಮಾತಾಡುವುದು ತೀರಿಕೊಂಡವರ ಬಗ್ಗೆ ಮಾತ್ರ.

ತೀರಿಕೊಂಡವರನ್ನು ನಾವು ಒಯ್ಯುವ ಮೊದಲು ಹೊಸ್ತಿಲಲ್ಲಿ ನಿಂತು ಹತ್ತಿರದವರೊಬ್ಬರು ಮೂರು ಸಲ ಹೆಸರು ಕರೆಯುವುದುಂಟು. ಓಗೊಡದಿದ್ದರೆ ಎತ್ತಿಕೊಳ್ಳುತ್ತಾರೆ. ಹಾಗಿರುವಾಗ ಕರೆದರೂ ಓಗೊಡದವಳೊಬ್ಬಳು ಮೊಸರು ಹೊತ್ತು ಬೀದಿಯಲ್ಲಿ ಹೋಗುತ್ತಿದ್ದರೆ ಅವರಿಗೆ ಏನನ್ನಿಸಬೇಡ? ಅವ್ವನ ದೊಡ್ಡಮ್ಮ ನನ್ನನ್ನು ನೋಡಿದಾಗಲೆಲ್ಲ ಅಳುತ್ತಿದ್ದಳು. ಕೊನೆಗೆ ನಾನೇ ಅವಳ ಮನೆಯ ದಾರಿ ಬಿಟ್ಟೆ.

ಮುಕುಂದ ಮಾತ್ರ ದಿನಾ ಸಂಜೆ ಬರುತ್ತಿದ್ದ. ನೋವಿದ್ದರೂ ಬರುತ್ತಿದ್ದ. ಈಗ ಅವನ ಸರದಿ ಬಂದಿತ್ತು. ಆಸ್ಪತ್ರೆಯವರು ಯಾವಾಗ ಬರುತ್ತೀರೆಂದು ಕೇಳುತ್ತಿದ್ದರು.

"ನೀನು ಹೇಳು" ಎಂದ ಒಂದು ದಿನ. "ಹೇಗಿರುತ್ತೆ?"

"ನೋವಿಲ್ಲ. ಬೆಳಿಗ್ಗೆ ಎದ್ರೆ ಮೈ ಇದೆ ಅಂತಾನೇ ಗೊತ್ತಾಗಲ್ಲ."

"ಅದಲ್ಲ ಕೇಳಿದ್ದು."

ಅವನಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ದಿನವೆಲ್ಲ ಯಾರಿಗೂ ನಾನು ನೆನಪಾಗಲೇ ಇಲ್ಲ ಅನ್ಸುತ್ತೆ. ಆಗಿರ್ತೀನೇನೋ. ಗೊತ್ತಾಗಲ್ಲ."

"ನಾನು ಕರೀತಾನೇ ಇರ್ತೀನಿ ಕಣೆ."

"ಗೊತ್ತು. ಆದ್ರೆ ಗೊತ್ತಿರೋದೂ ಕೇಳಿಸೋದೂ ಒಂದೇ ಅಲ್ಲ." ಆಮೇಲೆ ಇಷ್ಟು ದಿನ ಬಾಯಿಗೆ ಬಂದು ನುಂಗಿಕೊಂಡಿದ್ದ ಮಾತನ್ನು ಹೇಳಿದೆ. "ನೀನೂ ಮಾಡಿಸ್ಕೋ ಮುಕುಂದ. ಇಬ್ಬರಿದ್ರೆ ಬೇರೆ. ಎದುರು ಬದರು ಕೂತು ಮಾತಾಡ್ಕೊಂಡು ಇರಬಹುದು. ನೀನು ಬದುಕಿರ್ತೀಯ."

ಅವನು ವಾರದ ನಂತರ ಡಾಕ್ಟರಿಗೆ ಬೇಡವೆಂದು ಹೇಳಿ ಬಂದ. ನನ್ನ ಮುಂದೆ ಬಂದು ಕೂತಾಗ ಮುಖ ಸಣ್ಣಗಾಗಿತ್ತು.

"ಸಾಯೋಕೆ ಭಯ ಇಲ್ಲ ಅಂತಲ್ಲ ಅಂಬುಜ. ಇದೆ. ಆದ್ರೆ ಅಂಗಡೀಲಿ ಒಬ್ಬನೇ ಕೂತಿರ್ತೀನಿ, ಅಕ್ಕ ಕರೀತಾಳೆ, ನೀನು ಕರೀತೀಯ. ಅದಿಲ್ದೇ ನಲವತ್ತು ವರ್ಷ ಇರೋದನ್ನ ನೆನೆಸ್ಕೊಂಡೆ. ನನ್ ಕೈಲಾಗಲ್ಲ. ನೀನು ಗಟ್ಟಿ. ನಾನಲ್ಲ."

"ನಾನು ಗಟ್ಟಿ ಅಂತ ಯಾರು ಹೇಳಿದ್ರು?" ಎಂದೆ. ನನ್ನ ದನಿ ಏರಿತ್ತು. ಊರಿನಲ್ಲಿ ದನಿ ಏರಿಸುವುದನ್ನು ಕಲಿತವಳು ನಾನೊಬ್ಬಳೇ. "ಕರೆ ಕೇಳಲ್ಲ, ಆದ್ರೂ ಬೇಕಾ ಅಂತ ಕೇಳಿದ್ದರೆ ನಾನೂ ಬೇಡ ಅಂತಿದ್ದೆನೋ ಏನೋ. ನನ್ನನ್ನ ಯಾರೂ ಕೇಳಲಿಲ್ಲ."

ಅವನು ನನ್ನ ಮುಂಗೈಯನ್ನು ಹಿಡಿದ. ಅವನ ಬೆರಳು ತಣ್ಣಗಿತ್ತು. "ನೀನು ನನ್ನನ್ನ ಕರೀತಿರು" ಎಂದ. "ನನಗೆ ಕೇಳುತ್ತೆ. ಮೊದಲಿನ ಹಾಗೇ ಕೇಳುತ್ತೆ."

"ನಿನಗೆ ಯಾವಾಗ ನೋವು ಅಂತ ನನಗೆ ಗೊತ್ತಾಗೋದು ಹೇಗೆ?"

"ಗೊತ್ತಾಗೋದು ಬೇಡ. ಕೆಲಸ ಮಾಡ್ತಾ ಮಧ್ಯೆ ಮಧ್ಯೆ ಅಂದ್ರೆ ಸಾಕು. ಅದರಲ್ಲಿ ಯಾವುದೋ ಒಂದು ಸರಿಯಾದ ಹೊತ್ತಿಗೆ ಬಂದಿರುತ್ತೆ."

ಅಂದಿನಿಂದ ಹಾಗೇ ನಡೆಯಿತು. ಹಾಲು ಸೋಸುವಾಗ ಮುಕುಂದ ಎನ್ನುತ್ತಿದ್ದೆ. ಕುಡಿಕೆ ತೊಳೆಯುವಾಗ, ಬೀದಿಯಲ್ಲಿ ನಡೆಯುವಾಗ, ಊಟದ ನಡುವೆ. ಒಂದು ಕರೆಗೂ ನನಗೆ ಓಗೊಡುವ ದನಿ ಬರುತ್ತಿರಲಿಲ್ಲ. ಸಂಜೆ ಅವನು ಬಂದು ಹೇಳುತ್ತಿದ್ದ. "ಮಧ್ಯಾಹ್ನ ಕರೆದ್ಯಲ್ಲ, ಆಗ ಬಾಯಲ್ಲಿ ಸ್ಕ್ರೂ ಇತ್ತು, ನುಂಗೇ ಬಿಡ್ತಿದ್ದೆ." ಇಲ್ಲವೆ, "ಇವತ್ತು ತೊಡೆ ಹಿಡ್ಕೊಂಡಿತ್ತು. ಇನ್ನಾಗಲ್ಲ ಅನ್ನೋ ಹೊತ್ತಿಗೆ ಸರಿಯಾಗಿ ಕರೆದೆ." ಆ ಮಾತಿಗಾಗಿ ಇಡೀ ದಿನ ಕಾಯುತ್ತಿದ್ದೆ. ಬೆಳಿಗ್ಗೆ ಕೊಟ್ಟದ್ದಕ್ಕೆ ಸಂಜೆ ರಸೀದಿ ಸಿಕ್ಕಂತೆ ಎಂದು ಅವನು ತಮಾಷೆ ಮಾಡುತ್ತಿದ್ದ.

ಎರಡು ಚಳಿಗಾಲ ಹೀಗೆ ಕಳೆದವು. ಮೂರನೆಯದರಲ್ಲಿ ಅವನು ಸೊರಗಿದ. ಕಣ್ಣು ಹಳದಿಗಟ್ಟಿತು. ಸಂಜೆ ಬರುವುದು ತಪ್ಪತೊಡಗಿತು. ನಾನೇ ಅಂಗಡಿಗೆ ಹೋಗಿ ನೋಡಿ ಬರುತ್ತಿದ್ದೆ. ಡಾಕ್ಟರ್ ಪಿಂಟೋ ಇನ್ನೊಮ್ಮೆ ಕೇಳಿದರು. ಈಗಲಾದರೂ ಬಾ ಎಂದರು. ಅವನು ನಕ್ಕು ಅವರ ಟೇಪ್ ರೆಕಾರ್ಡರನ್ನು ರಿಪೇರಿ ಮಾಡಿಕೊಟ್ಟು ಕಳಿಸಿದ.

ಆ ದಿನ ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು. ಇಂಥ ಗಾಳಿಗೆ ಅವನಿಗೆ ನೋವು ಏಳುತ್ತದೆಂದು ನಾನು ಬೆಳಿಗ್ಗೆಯಿಂದ ಹೆಚ್ಚು ಹೆಚ್ಚಾಗಿ ಕರೆಯುತ್ತಿದ್ದೆ. ಮಧ್ಯಾಹ್ನ ಹೆಪ್ಪು ಹಾಕುತ್ತ ಕೂತು ಒಂದೇ ಸಮನೆ ಮುಕುಂದ, ಮುಕುಂದ ಎನ್ನುತ್ತಿದ್ದೆ. ಅವ್ವ ಹೊರಗಿನಿಂದ ಬಂದಳು. ನನ್ನ ತುಟಿ ಅಲ್ಲಾಡುತ್ತಿರುವುದನ್ನು ನೋಡಿದಳು. ಪಕ್ಕದಲ್ಲಿ ನೆಲದ ಮೇಲೆ ಕೂತು ನನ್ನ ಬಾಯಿಯ ಮೇಲೆ ಕೈ ಇಟ್ಟಳು.

"ಸಾಕು ಕಣವ್ವ" ಎಂದಳು. "ಅವನಕ್ಕ ಬೆಳಿಗ್ಗೆಯಿಂದ ಕರೀತಿದ್ದಳಂತೆ. ಓಗೊಡ್ತಿಲ್ಲ ಅಂತ ಈಗ ಹೋಗಿ ನೋಡಿದ್ರು."

ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತಂತೆಯೇ ಇದ್ದನಂತೆ. ಬೆಳಿಗ್ಗೆಯೇ ಹೋಗಿದ್ದ. ಅರ್ಧ ದಿನ ನಾನು ಇಲ್ಲದವನನ್ನು ಕರೆದಿದ್ದೆ. ಅದು ನನಗೆ ತಿಳಿದಿರಲಿಲ್ಲ.

ಅವರ ಮನೆಯ ಮುಂದೆ ಜನ ಸೇರಿದ್ದರು. ಮುಕುಂದನ ಅಕ್ಕ ಭವಾನಿ ನನ್ನನ್ನು ಕಂಡು ಎದ್ದು ಬಂದಳು. ಮೂರು ಕರೆ ಅವಳು ಕರೆಯಬೇಕಿತ್ತು. "ನೀನು ಕರಿ ಅಂಬುಜ" ಎಂದಳು. "ಅವನಿಗೆ ನಿನ್ನ ದನಿ ರೂಢಿ."

ನಾನು ಹೊಸ್ತಿಲಲ್ಲಿ ನಿಂತೆ. ತುಟಿಯಲ್ಲಿ ಮೊದಲ ಸಲ ಕರೆದೆ. ಜನ ತಲೆ ತಗ್ಗಿಸಿ ಕಾದರು. ಎರಡನೆಯ ಸಲ ಕರೆದೆ. ಭವಾನಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೂರನೆಯ ಸಲ ಕರೆದು ನಿಂತಾಗ ಹಿರಿಯರೊಬ್ಬರು ನನ್ನ ಮುಖ ನೋಡಿ, "ಓಗೊಟ್ನೇನಮ್ಮ?" ಎಂದು ಕೇಳಿದರು. ಕೇಳುವುದು ಪದ್ಧತಿ. ಕೇಳಿದ ಮೇಲೆ ಅವರಿಗೆ ಹೊಳೆಯಿತು. ಮಾತು ತಡೆದು ನಿಂತರು. ಉಳಿದವರಿಗೂ ಹೊಳೆಯಿತು. ಎಲ್ಲರೂ ಅವನನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು. ಮೂರು ಕರೆಯ ನಂತರದ ಆ ಮೌನ ಅವರಿಗೆಲ್ಲ ಸಾವಿನ ಮನೆಯಲ್ಲಿ ಮಾತ್ರ ಎದುರಾಗುವಂಥದು. ನಾನು ಅದರೊಳಗೇ ಇಷ್ಟು ದಿನ ಹಾಲಿಗೆ ಹೆಪ್ಪು ಹಾಕಿದ್ದೆ, ಊಟ ಮಾಡಿದ್ದೆ. ಅವನು ಬದುಕಿದ್ದಾಗ ಕರೆದದ್ದಕ್ಕೂ ಈಗ ಕರೆದದ್ದಕ್ಕೂ ನನ್ನ ಕಿವಿಗೆ ಯಾವ ವ್ಯತ್ಯಾಸವೂ ಇರಲಿಲ್ಲ.

"ಇಲ್ಲ" ಎಂದೆ. ಅವನನ್ನು ಎತ್ತಿಕೊಂಡರು.

ಆಮೇಲೆ ನಾನು ಮನೆಯಿಂದ ಹೊರಗೆ ಹೋಗುವುದನ್ನು ಕಡಿಮೆ ಮಾಡಿದೆ. ಅವ್ವನೇ ನಿಧಾನವಾಗಿ ಮೊಸರು ಹೊತ್ತು ಹೋಗಿ ಮಾರಿ ಬರುತ್ತಿದ್ದಳು. ನನ್ನ ಮೈ ದಿನದಿನಕ್ಕೆ ಗಟ್ಟಿಯಾಗುತ್ತಿತ್ತು. ಅಷ್ಟು ಗಟ್ಟಿ ಮೈ ಇಟ್ಟುಕೊಂಡು ಏನು ಮಾಡಬೇಕೋ ತಿಳಿಯದೆ ಹಿತ್ತಿಲನ್ನೆಲ್ಲ ಅಗೆದು ಸೊಪ್ಪು ಹಾಕಿದೆ. ಕೆಲಸದ ಮಧ್ಯೆ ತುಟಿ ತಾನಾಗಿಯೇ ಮು ಎಂದು ಶುರು ಮಾಡುತ್ತಿತ್ತು. ತಡೆಯುತ್ತಿದ್ದೆ. ಕೆಲವು ಸಲ ತಡೆಯುತ್ತಿರಲಿಲ್ಲ.

ಬೇಸಗೆಯ ಒಂದು ಬೆಳಿಗ್ಗೆ, ಅವ್ವ ಮಾರಾಟಕ್ಕೆ ಹೋಗಿದ್ದಾಗ, ಬಾಗಿಲಲ್ಲಿ ಏನೋ ಸದ್ದಾಯಿತು. ಬೆಕ್ಕಿರಬೇಕೆಂದುಕೊಂಡೆ. ಮತ್ತೆ ಆಯಿತು. ಯಾರೋ ಕದವನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದರು. ನಮ್ಮ ಊರಿನಲ್ಲಿ ಹಾಗೆ ಕದ ಬಡಿಯುವವರನ್ನು ನಾನು ಕಂಡಿರಲಿಲ್ಲ. ತೆರೆದೆ. ಕೆಳಗಿನ ಕೇರಿಯ ಸಾವಂತ್ರಿ ನಿಂತಿದ್ದಳು, ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವಳು. ಕೈ ಇನ್ನೂ ಮೇಲೆಯೇ ಇತ್ತು, ಸರಿಯಾಗಿ ಬಡಿದೆನೋ ಇಲ್ಲವೋ ಎಂಬ ಹಾಗೆ. ಸೊಂಟದ ಮೇಲೆ ನಾಲ್ಕು ವರ್ಷದ ಮಗಳಿದ್ದಳು. ಮಗುವಿನ ಕೈಬೆರಳುಗಳು ಊದಿಕೊಂಡಿದ್ದವು. ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಡಾಕ್ಟರಮ್ಮ ಇವಳಿಗೂ ಮಾಡ್ತೀನಿ ಅಂತಾರೆ" ಎಂದಳು ಸಾವಂತ್ರಿ, ಒಳಗೆ ಬಂದು ಕೂರುವ ಮೊದಲೇ. "ಇದರ ನೋವು ನೋಡೋಕಾಗ್ತಿಲ್ಲ ಅಕ್ಕ. ಆದ್ರೆ ನಿಮ್ಮನ್ನೂ ನೋಡಿದೀನಿ. ಏನ್ಮಾಡ್ಲಿ ಹೇಳಿ."

ನಾನು ಮಗುವಿಗೆ ಸಕ್ಕರೆ ಹಾಕಿ ಮೊಸರು ಕೊಟ್ಟೆ. ಅದು ಊದಿದ ಬೆರಳಲ್ಲಿ ಚಮಚ ಹಿಡಿಯಲಾರದೆ ಕುಡಿಕೆಗೇ ಬಾಯಿ ಹಾಕಿತು.

"ಬದುಕ್ತಾಳೆ" ಎಂದೆ. "ಓಡ್ತಾಳೆ, ಆಡ್ತಾಳೆ. ಕರೆದ್ರೆ ಕೇಳಲ್ಲ."

"ಬೇಡ ಅಂತೀರಾ?"

ಮುಕುಂದ ಆಡಿದ್ದ ಮಾತುಗಳೆಲ್ಲ ಬಾಯಿಗೆ ಬಂದವು. ಅವು ಅವನ ಮಾತು, ಅವನು ತನಗಾಗಿ ಆಡಿಕೊಂಡದ್ದು. ಈ ಮಗುವಿಗೆ ಅವನ್ನು ಹೇಳಲು ನನಗೆ ಮನಸ್ಸು ಬರಲಿಲ್ಲ. "ಮಾಡ್ಸು" ಎಂದೆ. "ಮಾಡ್ಸು ಸಾವಂತ್ರಿ."

ಅವಳು ಮಗುವಿನ ಬಾಯಿಗೆ ಮೆತ್ತಿದ ಮೊಸರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕೇಳಿದಳು. "ಮತ್ತೆ ಇವಳನ್ನ ನಾನು ಕರೆಯೋದು ಹೇಗೆ? ಸಂಜೆ ಎಲ್ಲೋ ಆಡ್ತಿರ್ತಾಳೆ. ಮನೆಗೆ ಬಾ ಅನ್ನೋದು ಹೇಗೆ?"

"ಎದ್ದು ಹೋಗಿ ಹುಡುಕಬೇಕು" ಎಂದೆ.

ಆಸ್ಪತ್ರೆಗೆ ಹೊರಡಲು ಅವರಿಗೆ ಇನ್ನೂ ಕೆಲವು ವಾರಗಳಿದ್ದವು. ಮಗುವಿಗೆ ಇನ್ನೂ ಕರೆ ಕೇಳುತ್ತಿತ್ತು. ಆದರೂ ಮಾರನೆಯ ಸಂಜೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗ, ಸಾವಂತ್ರಿ ಇಟ್ಟಿಗೆ ಗೂಡಿನ ಕೆಂಪು ಧೂಳು ಮೆತ್ತಿಕೊಂಡ ಸೀರೆಯಲ್ಲೇ ನಮ್ಮ ಬೀದಿಯಲ್ಲಿ ಬಂದಳು. ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಒಂದೊಂದು ಮನೆಯ ಮುಂದೆಯೂ ನಿಂತು, ಜಗುಲಿಯ ಹಿಂದೆ, ಕಟ್ಟಿಗೆ ರಾಶಿಯ ಸಂದಿಯಲ್ಲಿ, ನಿಂತ ಗಾಡಿಯ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಜನ ಬಾಗಿಲಿಗೆ ಬಂದು ಅವಳನ್ನು ವಿಚಿತ್ರವಾಗಿ ನೋಡಿದರು. ಅವಳು ಮುಂದಿನ ಮನೆಗೆ ಹೋದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹುಡುಕಲು ಹೊರಟೆ.